ಹೊಸ್ತಿಲಿಗೆ ಅಡ್ಡ ಮಲಗಿದವಳು

ನಮ್ಮ ದೇಶದ ನಕ್ಷೆ ಬರೆದ ಬಿಳಿಯರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಒಂದು ನದಿ, ಅದರ ಎರಡು ದಡಗಳಲ್ಲಿ ಕೈಯಗಲ ನೆಲ, ಇಷ್ಟೇ ಗ್ಯಾಂಬಿಯಾ. ದುಡಿಮೆಯೆಲ್ಲ ಆಚೆ ದಡದ ಬಾಂಜುಲಿನಲ್ಲಿ, ಹೆತ್ತವರು ಈಚೆ ದಡದಲ್ಲಿ. ಸೇತುವೆ ಇರುವುದು ನದಿಯ ಮೇಲ್ಭಾಗದಲ್ಲೆಲ್ಲೋ, ಬಲು ದೂರ. ಸುತ್ತಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

ಅಂದು ಬೆಳಿಗ್ಗೆ ನನ್ನ ಅತ್ತಿಗೆ ದಿಬೋರ್ ತೀರಿಕೊಂಡಳು. ಅಣ್ಣ ಮೊದಲೇ ಹೋಗಿದ್ದ. ಒಬ್ಬಳೇ ಮಗಳು ಕೋದು ಆಚೆ ದಡದಲ್ಲಿ ಅಡುಗೆ ಕೆಲಸಕ್ಕಿದ್ದಳು. ಸುದ್ದಿ ಕೇಳಿದೊಡನೆ ಹಡಗು ಹತ್ತಿದಳು. ಕಡಲ ಇಳಿತಕ್ಕೆ ನದಿಯ ನೀರು ತಗ್ಗಿ, ಹಡಗು ಮರಳುದಿಬ್ಬಕ್ಕೆ ಸಿಕ್ಕಿ ನಡುನದಿಯಲ್ಲೇ ಕೂತುಬಿಟ್ಟಿತು. ಗಾಳಿಗೆ ಸಣ್ಣ ದೋಣಿಗಳೂ ಹೊರಡುವಂತಿರಲಿಲ್ಲ.

"ಚಿಕ್ಕಪ್ಪಾ, ನಮ್ಮೂರ ಮಸೀದಿ ಕಾಣ್ತಾ ಇದೆ. ಅಮ್ಮನ ಮುಖ ಒಂದ್ಸಲ ನೋಡ್ಬೇಕು, ತಡೀರಿ," ಎಂದು ಫೋನಿನಲ್ಲಿ ಅತ್ತಳು.

ತಡೆಯುವುದು ನನ್ನ ಕೈಲಿತ್ತೇ? ಹೆಣ ಕಾಯಿಸಬಾರದೆಂದು ಇಮಾಮರು ಪಟ್ಟು ಹಿಡಿದರು. ಮಧ್ಯಾಹ್ನದ ನಮಾಜು ಮುಗಿಯಿತು, ಹೆಣದ ಮಂಚ ಎತ್ತಿದೆವು.

ಆಗ ಪಕ್ಕದ ಮನೆಯ ಅರಮಾತಾ ಬಂದು ಹೊಸ್ತಿಲಿಗೆ ಅಡ್ಡ ಮಲಗಿದಳು. ಅವಳು ಜೋಲಾ ಕುಲದವಳು, ನಾವು ಸೆರೆರ್. ಈ ಎರಡು ಕುಲಗಳ ನಡುವೆ ತಲೆತಲಾಂತರದ ತಮಾಷೆಯ ನಂಟು. ಒಬ್ಬರನ್ನೊಬ್ಬರು ಆಳು ಎನ್ನಬಹುದು, ಹೆಣದ ಮುಂದೆಯೂ ಗೇಲಿ ಮಾಡಿ ದಾರಿ ಕಟ್ಟಬಹುದು. ಸಿಟ್ಟಾಗುವಂತಿಲ್ಲ, ದಾಟಿ ಹೋಗುವಂತಿಲ್ಲ. ಆದರೆ ಗೇಲಿ ಮಾಡುವವರು ಅಳಬಾರದು. ಅತ್ತರೆ ಆ ಹಕ್ಕು ಹೋಯಿತು.

"ಇಳಿಸ್ರೋ ಕೆಳಗೆ! ಇವಳು ನನ್ನ ಆಳು. ನನ್ನ ಭತ್ತ ಯಾರು ಕುಟ್ತಾರೆ, ನಿಮ್ಮಪ್ಪನಾ?"

ಇಮಾಮರೇ ನಕ್ಕರು. "ಸಾಕು, ಏಳಮ್ಮಾ."

"ನೀವು ಸುಮ್ನಿರಿ. ಕೆಲ್ಸಗಳ್ಳಿ ಇವಳು, ನಿದ್ದೆ ನಾಟಕ ಆಡ್ತಿದಾಳೆ. ಮೀನು ಹೊಗೆಗೆ ಹಾಕ್ಬೇಕಾಗುತ್ತೆ ಅಂತ ದಿನಾ ಹಿಂಗೇ ಮಲ್ಕೋತಾಳೆ!"

ಮಂಚ ಇಳಿಸಿದೆವು. ಒಂದರ ಮೇಲೊಂದು ಗೇಲಿ. ಅಂಗಳವೆಲ್ಲ ಕಣ್ಣೊರೆಸಿಕೊಂಡು ನಗುತ್ತಿತ್ತು. ಅರಮಾತಾಳ ಕಣ್ಣು ಮಾತ್ರ ನದಿಯ ಕಡೆಗೇ ಇತ್ತು. ನೀರು ಏರುತ್ತಿತ್ತು. ಹಡಗು ಅಲುಗಿತು ಎಂದು ಯಾರೋ ಕೂಗಿದರು. ಇನ್ನು ಸ್ವಲ್ಪ ಹೊತ್ತು ಎಳೆದಿದ್ದರೆ ಸಾಕಿತ್ತು.

"ಲೇ ದಿಬೋರ್," ಅರಮಾತಾ ಮಂಚದ ಕಡೆ ತಿರುಗಿದಳು, "ನಿನ್ನ ಗಂಡ ಮೊದ್ಲು ಕೇಳಿದ್ದು ನನ್ನನ್ನ, ಗೊತ್ತೇನೆ? ಮೀನು ನಾತ ಅಂತ ನಾನೇ ಬೇಡ ಅಂದೆ."

ಇದು ಅವರಿಬ್ಬರ ಹಳೆಯ ಜಗಳ. "ಹೋಗೇ, ಕನ್ನಡಿ ನೋಡ್ಕೊಂಡು ಬಾ" ಎಂದು ದಿಬೋರ್ ಪ್ರತಿ ಸಲವೂ ತಿರುಗೇಟು ಕೊಡುತ್ತಿದ್ದಳು. ಅರಮಾತಾ ಎಂದಿನಂತೆ ಉತ್ತರಕ್ಕೆ ಕಾದಳು. ಬಿಳಿ ಬಟ್ಟೆ ಅಲುಗಲಿಲ್ಲ. ಅರಮಾತಾ ಹೊಸ್ತಿಲ ಮೇಲೇ ಹೋ ಎಂದು ಅತ್ತುಬಿಟ್ಟಳು.

ಹೆಂಗಸರು ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದರು. ನಾವು ಮಂಚ ಹೊತ್ತು ನಡೆದೆವು. ನಡೆಯುತ್ತಿದ್ದ ನನ್ನ ಕಾಲುಗಳ ಮೇಲೇ ನನಗೆ ಹೇಸಿಗೆಯಾಯಿತು.

ಕೋದು ಬಂದಾಗ ನಾವು ಕೈಯ ಮಣ್ಣು ತೊಳೆಯುತ್ತಿದ್ದೆವು. ನಡೆದದ್ದನ್ನೆಲ್ಲ ದಡದಲ್ಲೇ ಯಾರೋ ಹೇಳಿದ್ದರು. ಅವಳು ನೇರ ಹೋಗಿ ಅರಮಾತಾಳ ಮುಂದೆ ಕುಸಿದು ಕೂತಳು.

"ಅತ್ತೆ, ಇನ್ನೊಂದು ಚೂರು ನಗಿಸೋಕೆ ಆಗ್ಲಿಲ್ವಾ ನಿಂಗೆ?"

"ಅವಳು ತಿರುಗಿ ಬೈಲಿಲ್ಲ ಕಣೇ," ಎಂದಳು ಅರಮಾತಾ.