ಮಾರೆಪ್ಪನ ಹೆಬ್ಬೆಟ್ಟು

ಎಲ್ಲಿಂದ ಶುರು ಮಾಡಲಿ? ಸಂಪಾದಕರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ವಲಸೆ ಬಗ್ಗೆ ಒಂದು ಕಥೆ ಕೊಡಿ. ಆದರೆ ಬ್ಯಾಲೆನ್ಸ್ ಇರಲಿ, ಎರಡೂ ಕಡೆ ಬರಲಿ." ಸರಿ. ಒಂದು ಕಡೆ ಮಾರೆಪ್ಪ, ದೇವದುರ್ಗದವನು, ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಹಮಾಲ. ಇನ್ನೊಂದು ಕಡೆ ಅದೇ ಗಿರಣಿಗೆ ಬಂದು ಮೂರು ವರ್ಷ ಚೀಲ ಹೊತ್ತ ಹೊರಗಿನವನು. ಕಥೆ ಮುಗಿದೇ ಹೋಯಿತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

೧. (ಹರಿದು ಹಾಕಿದ್ದು)

"ರಫೀಕುಲ್ ಚೀಲ ಇಳಿಸಿ ಬೆವರು ಒರೆಸಿಕೊಂಡ." ಇಷ್ಟು ಬರೆಯುವುದರೊಳಗೆ ಕಥೆಯೊಳಗಿಂದಲೇ ಮಾರೆಪ್ಪ ಅಡ್ಡ ಬಂದ.

"ಅವನ ಹೆಸರು ನಿಮಗ ಹ್ಯಾಂಗ್ ಗೊತ್ತರೀ?"

"ಕಥಿಗೊಂದು ಹೆಸರು ಬೇಕಲ್ಲೋ ಮಾರೆಪ್ಪ."

"ಮೂರು ವರ್ಸ ಅವನ ಬಾಜೂಕ ಕುಂತು ರೊಟ್ಟಿ ತಿಂದೀನಿ. ನನಗ ಗೊತ್ತಿಲ್ಲ. ನೀವೂ ಇಡಬ್ಯಾಡ್ರಿ."

ಹೆಸರನ್ನು ಹೊಡೆದು ಹಾಕಿದೆ. ಗಿರಣಿಯಲ್ಲಿ ಅವನನ್ನು ಎಲ್ಲರೂ ಬಿಹಾರಿ ಎನ್ನುತ್ತಿದ್ದರು. ಆ ಕಡೆಯಿಂದ ಯಾರೇ ಬರಲಿ, ಇಲ್ಲಿ ಬಿಹಾರಿಯೇ. (ಮಾರೆಪ್ಪ ಒಮ್ಮೆ ಗುಳೆ ಹೋಗಿ ಪುಣೆಯಲ್ಲಿ ಇಟ್ಟಿಗೆ ಹೊತ್ತಾಗ ಅಲ್ಲಿನವರ ಬಾಯಲ್ಲಿ ಮದ್ರಾಸಿ ಆಗಿದ್ದ.)

೩. (ಎರಡನ್ನು ಬಿಟ್ಟಿದ್ದೇನೆ. ಅದರಲ್ಲಿ ಬರೀ ಅಂಕಿ-ಅಂಶಗಳಿದ್ದವು. ಓದಿ ನನಗೇ ನಿದ್ದೆ ಬಂತು.)

ಹೊರಗಿನವರು ಬಂದ ಮೇಲೆ ಮಾರೆಪ್ಪನ ಗುಂಪಿಗೆ ವಾರದಲ್ಲಿ ಮೂರೇ ದಿನ ಕೆಲಸ. ಅವರು ಕಡಿಮೆ ಕೂಲಿಗೆ ಒಪ್ಪಿದರು, ಮಾಲೀಕ ಖುಷಿಯಾದ. ಮಾರೆಪ್ಪನ ಹೊಟ್ಟೆ ಉರಿದದ್ದು ಸುಳ್ಳಲ್ಲ. ಮಾರೆಪ್ಪನಿಗೆ ಜ್ವರ ಬಂದ ದಿನ ಅವನ ಪಾಲಿನ ಚೀಲಗಳನ್ನೂ ಆ ಬಿಹಾರಿಯೇ ಹೊತ್ತ, ಅದೂ ಸುಳ್ಳಲ್ಲ.

೪.

ದೇಶದ ಗಡಿಯಾಚೆಯವರು ಸೇರಿಕೊಂಡಿದ್ದಾರೆ ಎಂದು ಗುಲ್ಲೆದ್ದು, ಒಂದು ಬೆಳಿಗ್ಗೆ ಗಿರಣಿಗೆ ಪೊಲೀಸ್ ಜೀಪು ಬಂತು. ಹೊರಗಿನವರನ್ನು ಸಾಲಾಗಿ ನಿಲ್ಲಿಸಿ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿಸಿದರು. ಆ ಬಿಹಾರಿಯದು ಮೂಡಲಿಲ್ಲ. ಗೋಣಿಚೀಲ ಹಿಡಿದೂ ಹಿಡಿದೂ ಹಮಾಲರ ಬೆರಳಿನ ಗೆರೆಗಳು ಸವೆದಿರುತ್ತವೆ. (ಮಾರೆಪ್ಪನದೂ ಅಷ್ಟೇ. ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳೂ ಇದೇ ಗೋಳು. ಅಂಗಡಿ ನಡೆಸುವ ಖಾಸಿಂ ಸಾಬರು "ಇಂವ ನಮ್ಮ ಮಾರೆಪ್ಪ, ನನಗ ಗೊತ್ತು" ಎಂದು ಹೇಗೋ ಅಕ್ಕಿ ಕೊಡುತ್ತಾರೆ.)

"ಮಾಲ್ದಾ ಸಾಬ್, ಬಂಗಾಲ್," ಎಂದ ಅವನು.

ಸಾಹೇಬರು ಮಾರೆಪ್ಪನ ಕಡೆ ತಿರುಗಿದರು. "ಇಂವ ಎಲ್ಲಿಯವ?"

"ಬಿಹಾರಿ ಅದಾನ್ರಿ." ರೂಢಿಯ ಮಾತು, ಬಾಯಿಗೆ ಬಂದುಬಿಟ್ಟಿತು.

"ಅಂವ ಬಂಗಾಳ ಅಂತಾನ, ನೀ ಬಿಹಾರಿ ಅಂತಿ. ಯಾರು ಸುಳ್ಳು ಹೇಳಾಕತ್ತೀರಿ?"

ನಾವು ಎಲ್ಲರಿಗೂ ಹಂಗ ಅಂತೀವ್ರಿ, ಅಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ವಾರಕ್ಕೆ ಮೂರೇ ದಿನದ ಆ ಕೆಲಸ ನೆನಪಾಯಿತು. ಮಾರೆಪ್ಪ ಸುಮ್ಮನೆ ನಿಂತ.

ಜೀಪು ಹತ್ತುವಾಗ ಅವನು "ಮಾರೆಪ್ಪಾ ಭಾಯ್" ಎಂದು ಒಮ್ಮೆ ಕರೆದ. ಎಲ್ಲಿಗೆ ಒಯ್ದರೋ, ಇವತ್ತಿಗೂ ಗಿರಣಿಯಲ್ಲಿ ಯಾರಿಗೂ ಗೊತ್ತಿಲ್ಲ.

೫. ಮುಕ್ತಾಯಗಳು (ಬೇಕಾದ್ದು ಆರಿಸಿಕೊಳ್ಳಿ)

ಅ) ಅವನು ಕಾಗದ ತೋರಿಸಿ ತಿರುಗಿ ಬಂದ.

"ಬಂದಿಲ್ಲರೀ," ಎಂದ ಮಾರೆಪ್ಪ.

ಆ) ಮಾರೆಪ್ಪನಿಗೆ ವಾರಪೂರ್ತಿ ಕೆಲಸ ಸಿಕ್ಕಿತು.

"ಎಲ್ಲಿ ಸಿಕ್ತರೀ? ಮಾಲೀಕ ಬ್ಯಾರೆ ಮಂದೀನ್ನ ತರಿಸಿದ."

"ಹಂಗಾದ್ರ ಏನ್ ಬರೀಲೋ ಯಪ್ಪಾ?"

"ಅವತ್ತಿಂದಽ ಇನ್ನೊಮ್ಮೆ ಬರೀರಿ. ಸಾಹೇಬ ಕೇಳ್ಲಿ. ಈ ಸಲ ಹೇಳ್ತೀನಿ." ಅವನ ಕಣ್ಣು ತುಂಬಿತ್ತು.

ಬರೆದೆ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಆ ಸಾಲಿಗೆ ಬಂದಾಗ ಮಾರೆಪ್ಪ ಸುಮ್ಮನೆ ನಿಂತ.

೬. (ಬ್ಯಾಲೆನ್ಸ್ ಕೇಳಿದ್ದರಲ್ಲ, ತಗೊಳ್ಳಿ.)

ಈ ತಿಂಗಳು ಖಾಸಿಂ ಸಾಬರು ಮಾನ್ವಿಗೆ, ಮಗಳ ಮನೆಗೆ ಹೋಗಿದ್ದರು. ರೇಷನ್ ಅಂಗಡಿಯಲ್ಲಿ ಹೊಸಬ. ಮಾರೆಪ್ಪ ಹೆಬ್ಬೆಟ್ಟು ಒತ್ತಿದ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಕೆಂಪು ದೀಪ.

ಹೊಸಬ ತಲೆಯೆತ್ತಿ ಹಿಂದಿನ ಸಾಲಿಗೆ ಕೇಳಿದ: "ಇವರು ಯಾರಿಗರ ಗೊತ್ತದಾರೇನ್ರಿ?"

ಮಾರೆಪ್ಪ ಹಿಂತಿರುಗಿ ನೋಡುತ್ತಿದ್ದಾನೆ. ಮುಂದಿನದನ್ನು ನಾನು ಬರೆಯುವುದಿಲ್ಲ. ಸಾಲಿನಲ್ಲಿ ನೀವೂ ನಿಂತಿದ್ದೀರಿ, ಕೈಯಲ್ಲಿ ಚೀಲ ಹಿಡಿದು.