ಗಟಾರದ ಮೇಲಿನ ಫರ್ಸಿ ಕಲ್ಲು

ನಾನೊಂದು ಫರ್ಸಿ ಕಲ್ಲು, ಹಾಸುಬಂಡೆ. ನನ್ನ ಬೆನ್ನ ಮೇಲೆ ಹನ್ನೆರಡು ಆನೆಗಳು ಸಾಲಾಗಿ ದಾಟಿವೆ. ಒಮ್ಮೆ ಇಡೀ ವಿಧಾನಸೌಧವೇ ದಣಿದು ಬಂದು ನನ್ನ ಮೇಲೆ ಕೂತು, ಬೆವರೊರೆಸಿಕೊಂಡು ಎದ್ದು ಹೋಗಿದೆ. ನನಗೇನೂ ಅನಿಸಲಿಲ್ಲ. ಕಲ್ಲಿಗೆ ಏನು ಅನಿಸುತ್ತದೆ?

ಹುಟ್ಟಿದ್ದು ಶಹಾಬಾದದ ಗಣಿಯಲ್ಲಿ. ನನ್ನನ್ನು ಎಬ್ಬಿಸಿದ ಸದ್ದಿಗೆ ಮೂರು ಊರಿನ ಕೋಳಿಗಳು ಒಟ್ಟಿಗೇ ಮೊಟ್ಟೆಯಿಟ್ಟವಂತೆ. ಹಾಗೆಂದು ಹೇಳುವುದು ನಾನೇ.

ಅಲ್ಲಿಂದ ಲಾರಿ ಏರಿ ಒಂದು ಸಣ್ಣ ಊರಿನ ನೇಕಾರರ ಓಣಿಗೆ ಬಂದೆ. ಅಲ್ಲಿ ಪುರಸಭೆ ಮನೆಗಳ ಮುಂದೆ ಗಟಾರ ತೋಡಿಸಿ, ಮುಚ್ಚುವುದನ್ನು ಮರೆತಿತ್ತು. ಓಣಿಯೆಲ್ಲ ಜಿಗಿದು ಓಡಾಡುತ್ತಿತ್ತು. ನೇಕಾರ ಗುರುಪಾದಪ್ಪ ಮಾತ್ರ, "ಅವರ ಹಾದಿ ಕಾಯ್ಕೊಂತ ಕುಂತ್ರ ನನ್ನ ಹೇಣ್ತಿ ಗಟಾರದಾಗ ಇರ್ತಾಳ" ಎಂದು ನನ್ನನ್ನು ತಂದು ಬಾಗಿಲ ಮುಂದೆ ಹಾಸಿದ. ಅಮಾವಾಸ್ಯೆ ಬಂತೆಂದರೆ ಹಾರೆ ಹಾಕಿ ನನ್ನನ್ನೆತ್ತಿ ಕೆಳಗಿನ ಹೊಲಸು ತೆಗೆಯುತ್ತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ.

ಅವನ ಹೆಂಡತಿ ಸಾಂತವ್ವ ದಿನಾ ಸಂಜೆ ನನ್ನ ಮೇಲೆ ಹಾಯ್ದು ಎದುರುಮನೆ ಕಾಸಿಂಬಿಯ ಕಟ್ಟೆಗೆ ಹೋಗುವಳು. ಜೋಳ ಹಸನು ಮಾಡುತ್ತ ಇಬ್ಬರೂ ಊರ ಸುದ್ದಿಯನ್ನೂ ಹಸನು ಮಾಡುವರು.

ಗುರುಪಾದಪ್ಪ ತೀರಿಕೊಂಡ. ಮಕ್ಕಳಾದ ಶಂಕ್ರಪ್ಪ, ವಿರೂಪಾಕ್ಷಿ ಮನೆ ಪಾಲು ಮಾಡಿಕೊಂಡರು. ನಡುವೆ ಗೋಡೆ ಎದ್ದಿತು. ಅವ್ವ ಒಂದೊಂದು ತಿಂಗಳು ಒಬ್ಬೊಬ್ಬರಲ್ಲಿ. ಗೋಡೆಯ ನೇರಕ್ಕೆ ನಾನಿದ್ದೆನಲ್ಲ. ಗೌಂಡಿಯನ್ನು ಕರೆಸಿ ನನ್ನ ಬೆನ್ನಿನ ಉದ್ದಕ್ಕೂ ಉಳಿಯಿಂದ ಗೆರೆ ಕೊರೆಸಿದರು. ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ. ನನಗೇನೂ ಅನಿಸಲಿಲ್ಲ.

"ಈ ತಿಂಗಳ ಯಾರ ಪಾಲಿಗೆ ಬಂದೀಯವಾ?" ಎಂದು ಕಾಸಿಂಬಿ ಕೆಣಕುವಳು.

"ಸಂಜೀಕ ನಿನ್ನ ಪಾಲಿಗೇ ಅದೀನಲ್ಲ, ಚಾ ಕಾಸು" ಎನ್ನುವಳು ಸಾಂತವ್ವ. ಕಣ್ಣು ಮಂಜಾಗಿ, ಕೈಗೆ ಕೋಲು ಬಂದರೂ ಆಕೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ನನ್ನನ್ನು ಎತ್ತುವವರಿಲ್ಲದೆ ಗಟಾರ ಕಟ್ಟಿಕೊಂಡಿತು.

"ಕಸಾ ನಿನ್ನ ಪಾಲಿನ್ಯಾಗ ಸಿಕ್ಕೊಂಡೈತಿ" ಎಂದ ಶಂಕ್ರಪ್ಪ.

"ಹರದ ಬಂದದ್ದು ನಿನ್ನ ಪಾಲಿನಿಂದ" ಎಂದ ವಿರೂಪಾಕ್ಷಿ.

ಇಬ್ಬರೂ ಬೇರೆ ಬೇರೆ ಹೋಗಿ ಪುರಸಭೆಗೆ ದೂರು ಕೊಟ್ಟು ಬಂದರು. ಸಾಂತವ್ವ ಹೊಸ್ತಿಲಲ್ಲಿ ಕೂತು ಕೇಳಿದಳು: "ನಿಮ್ಮಪ್ಪ ಒಬ್ಬನೇ ಎತ್ತತಿದ್ದ. ಮನಿ ಮುಂದಿನ ಕಲ್ಲ ಎತ್ತಾಕೂ ಸರಕಾರ ಬೇಕಾತೇನ್ರೋ?"

ಜೆಸಿಬಿ ಬಂತು. ಅದರ ಹಲ್ಲು ತಾಗಿದ್ದೇ ತಡ, ನಾನು ಗೆರೆಗುಂಟ ಉದ್ದಕ್ಕೆ ಎರಡಾದೆ. ಗಟಾರವನ್ನೇನೋ ಚೊಕ್ಕ ಮಾಡಿದರು, ಹೋದರು. ಅಣ್ಣ ತನ್ನ ಹೋಳನ್ನು ತನ್ನ ಬಾಗಿಲಿಗೆ ಹಾಕಿಕೊಂಡ, ತಮ್ಮ ತನ್ನದನ್ನು ತನ್ನ ಬಾಗಿಲಿಗೆ. ಎರಡನ್ನೂ ಜೋಡಿಸಿಟ್ಟಿದ್ದರೆ ಸಾಕಿತ್ತು. "ಒಡದವರು ಪುರಸಭೆಯವರು, ಅವರೇ ಹೊಸಾದು ಹಾಕ್ಲಿ" ಎಂದರು ಇಬ್ಬರೂ. ಅದೊಂದು ಮಾತಿನಲ್ಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ.

ಹನ್ನೆರಡು ಆನೆ ದಾಟಿದರೂ ಬಿರಿಯದ ಕಲ್ಲು ಜೆಸಿಬಿಯ ಒಂದು ಹಲ್ಲಿಗೆ ಒಡೆಯಿತೇ ಎಂದು ನೀವು ಕೇಳುತ್ತೀರಿ. ಸಿಕ್ಕಿಬಿದ್ದೆ. ಆನೆ ಬಂದಿರಲಿಲ್ಲ. ವಿಧಾನಸೌಧ ಈ ಓಣಿಯನ್ನು ಕಂಡೇ ಇಲ್ಲ. ನಾನು ಹೊತ್ತದ್ದು ಒಬ್ಬ ಮುದುಕಿಯನ್ನು, ಸಂಜೆಗೊಮ್ಮೆ.

ಈಗ ನಾನು ಅಣ್ಣನ ಬಾಗಿಲಿನ ಹೋಳು. ಒಂದು ಪಾದದಗಲ ಇದ್ದೇನೆ, ಅಷ್ಟೇ. ಸಂಜೆ ಸಾಂತವ್ವ ಬಂದು ಕೋಲಿನಿಂದ ನನ್ನನ್ನು ತಡವುತ್ತಾಳೆ. ಆಚೆ ಕಟ್ಟೆಯಿಂದ ಕಾಸಿಂಬಿ, "ಬ್ಯಾಡವಾ, ಬಿದ್ದಗಿದ್ದೀ" ಎಂದು ಕೂಗುತ್ತಾಳೆ. ಸಾಂತವ್ವ ಒಂದು ಕಾಲಿಡುತ್ತಾಳೆ. ಆಕೆಯಲ್ಲಿ ಭಾರವೇ ಇಲ್ಲ.

ಆದರೂ ನಾನು ಅಲ್ಲಾಡುತ್ತೇನೆ. ಆಕೆ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.