ಸಮುರಾಯ್ ಮೇಲೆ ನಿಂಬೆಹಣ್ಣು

ನನ್ನ ಗಂಡ ಕಶ್ಯಪ್ ಸಮುರಾಯ್ ಅಂತೆ, ಜಪಾನಿನ ಕತ್ತಿವೀರ! ವಡೋದರಾದ ಸರ್ಕಾರಿ ಕಚೇರಿಯಲ್ಲಿ ಫೈಲು ತಳ್ಳುವ, ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ. ಆದರೂ ಇಂಟರ್‌ನೆಟ್ಟಿನಲ್ಲಿ ಇವರನ್ನು ‘ಸೆನ್ಸೇ’, ಅಂದರೆ ಗುರುಗಳೇ, ಎಂದು ಕರೆಯುವ ಮಂದಿ ಸಾವಿರಾರು.

ಎಲ್ಲಕ್ಕೂ ಕಾರಣ ‘ಅಕಾಬಾಶಿ’ ಎಂಬ ಹಳೇ ವಿಡಿಯೋ ಗೇಮು. ಒಡೆಯನನ್ನು ಕಳೆದುಕೊಂಡ ಸಮುರಾಯ್ ಒಬ್ಬ ಕೆಂಪು ಸೇತುವೆ ದಾಟಿ, ಕೋಟೆ ಹೊಕ್ಕು ಸೇಡು ತೀರಿಸಿಕೊಳ್ಳಬೇಕು, ಅಷ್ಟೇ ಕಥೆ. ದಾವಣಗೆರೆಯಲ್ಲಿ ಇವರು ಹುಡುಗರಾಗಿದ್ದಾಗ ಸೋದರಮಾವ ತಂದುಕೊಟ್ಟ ಆ ಆಟದ ಕ್ಯಾಸೆಟ್ಟು ಇನ್ನೂ ಷೋಕೇಸಿನಲ್ಲಿದೆ. ಆಟವನ್ನು ಕೊನೆಯವರೆಗೆ ಮುಗಿಸಿದ ಶೂರ ತಾನು ಎಂದು ಅವತ್ತಿನಿಂದ ಬುರುಡೆ ಬಿಟ್ಟುಕೊಂಡು ಬಂದಿದ್ದಾರೆ. ಈಗಿನ ಕತ್ತಿ ಗೇಮುಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳಂತೆ, ಆ ವಂಶಕ್ಕೆ ಇವರು ಕಾವಲುಗಾರರಂತೆ. ಬಚ್ಚಲಿನ ನಲ್ಲಿ ಸೋರಿದರೆ ಮಾತ್ರ ಕಾವಲುಗಾರರಿಗೆ ಕಿವಿ ಕೇಳುವುದಿಲ್ಲ.

ದಸರಾ ಮುಗಿದ ಭಾನುವಾರ ಅಹಮದಾಬಾದಿನ ವಸ್ತ್ರಾಪುರದಲ್ಲಿ ಒಂದು ಮಾಲಿನೊಳಗೆ ಹಳೇ ಗೇಮುಗಳ ಮೇಳ. ‘ಅಕಾಬಾಶಿ’ಯ ಪರಂಪರೆಯ ಬಗ್ಗೆ ಭಾಷಣ ಮಾಡಿ, ಆಮೇಲೆ ಮೂಲ ಕ್ಯಾಸೆಟ್ಟಿನಲ್ಲೇ ಆಟ ಮುಗಿಸಿ ತೋರಿಸಿ ಎಂದು ಇವರಿಗೆ ಕರೆ ಬಂತು. ಮೊದಲು ಹಿಗ್ಗಿದರು. ಆಮೇಲೆ ಯಾಕೋ ಮಾತು ಕಡಿಮೆಯಾಯಿತು.

ಆಯುಧಪೂಜೆಯ ದಿನ ನಮ್ಮತ್ತೆ ಗಿರಿಜಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆಲ್ಲ ಕುಂಕುಮ ಇಟ್ಟರು. ಆಮೇಲೆ ಕ್ಯಾಸೆಟ್ಟಿನ ಮೇಲೆ ಕತ್ತಿ ಹಿಡಿದವನ ಚಿತ್ರ ಕಣ್ಣಿಗೆ ಬಿತ್ತು.

“ಈ ಮನೇಲಿರೋ ನಿಜವಾದ ಆಯುಧ ಇದೊಂದೇ ಕಣೇ ವಿಂಧ್ಯಾ,” ಎಂದು ಅದನ್ನೂ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ದೃಷ್ಟಿ ತೆಗೆದು, ನಿಂಬೆಹಣ್ಣನ್ನು ಅದರ ಮೇಲೇ ಹಿಂಡಿದರು. ಮಗನಿಗೆ ಒಳ್ಳೆಯ ಹೆಸರು ಬರಲಿ ಎಂಬ ಆಸೆ, ಪಾಪ. ನಾನು ಓಡಿಬಂದು ಒರೆಸಿದೆ.

ಕಶ್ಯಪ್ ಕ್ಯಾಸೆಟ್ಟು ಕಿತ್ತುಕೊಂಡು ಕೋಣೆಗೆ ಹೋಗಿ ಬಂದರು. “ಅಮ್ಮಾ, ಎಲ್ಲಾ ಹಾಳ್ಮಾಡ್ಬಿಟ್ಟೆ! ಇದು ಸತ್ತೇಹೋಯ್ತು! ನನ್ನ ಮಾನ ಹೋಯ್ತು!”

ಅತ್ತೆ ಅವತ್ತು ನೈವೇದ್ಯದ ಹೋಳಿಗೆಯನ್ನೂ ಮುಟ್ಟಲಿಲ್ಲ. ಮರುದಿನ, ಗುಜರಾತಿನವರ ದಸರಾ ಪದ್ಧತಿಯಂತೆ, ಬೀದಿಯೆಲ್ಲ ಫಾಫ್ಡಾ ಜಿಲೇಬಿ ತಿನ್ನುತ್ತಿದ್ದರೆ ಅತ್ತೆ ದೇವರ ಮುಂದೆ ಕೂತು, “ನನ್ನ ಕೈ ಸೇದಿಹೋಗ,” ಎಂದು ಶಪಿಸಿಕೊಳ್ಳುತ್ತಿದ್ದರು. ಎರಡು ತುತ್ತು ಮಜ್ಜಿಗೆ ಅನ್ನ ತಿನ್ನಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಶುಕ್ರವಾರ ಬ್ಯಾಂಕಿನಿಂದ ಬೇಗ ಬಂದೆ. ಕೋಣೆಯಲ್ಲಿ ಟಿವಿ ಓಡುತ್ತಿತ್ತು. ಕೆಂಪು ಸೇತುವೆಯ ಮೇಲಿಂದ ಸಮುರಾಯ್ ನೀರಿಗೆ ಬಿದ್ದ. ಎದ್ದು ಬಂದ, ಮತ್ತೆ ಬಿದ್ದ. ನನ್ನನ್ನು ಕಂಡದ್ದೇ ಕಶ್ಯಪ್ ಗಬಕ್ಕನೆ ಸ್ವಿಚ್ ಆರಿಸಿದರು.

“ಚೆನ್ನಾಗೇ ಇದೆಯಲ್ಲ ರೀ!”

“ಮೇಳ ಮುಗೀಲಿ ಕಣೇ, ಅಮ್ಮಂಗೆ ನಾನೇ ಹೇಳ್ತೀನಿ.”

ಥೂ! ಈ ಶೂರ ಜನ್ಮದಲ್ಲಿ ಆ ಸೇತುವೆ ದಾಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾಶಯನಿಗೆ ನೆಲ ಸಾಲದೆ ಹೆತ್ತ ತಾಯಿಯೇ ಬೇಕಾದಳು. ಕ್ಯಾಸೆಟ್ಟಿಗೆ ಏನೂ ಆಗಿಲ್ಲ ಎಂದು ಅತ್ತೆಗೆ ಆ ಕ್ಷಣವೇ ಹೇಳಿದೆ. “ನನ್ನ ಸಮಾಧಾನಕ್ಕೆ ಹೇಳ್ತೀಯ ನೀನು. ನನ್ನ ಮಗ ಸುಳ್ಳು ಹೇಳ್ತಾನಾ?” ಎಂದು ಕಣ್ಣೊರೆಸಿಕೊಂಡರು.

ಭಾನುವಾರ ಷೋಕೇಸಿನ ಕ್ಯಾಸೆಟ್ಟನ್ನು ನನ್ನ ಬ್ಯಾಗಿಗೆ ಹಾಕಿಕೊಂಡು, ಅತ್ತೆಯನ್ನೂ ಮೇಳಕ್ಕೆ ಹೊರಡಿಸಿದೆ.

ವೇದಿಕೆಯ ಮೇಲೆ ಕಶ್ಯಪ್ ಕಪ್ಪು ನಿಲುವಂಗಿ ತೊಟ್ಟು ಹಿಂದಿಯಲ್ಲಿ ಕೊರೆದರು. ಸಮುರಾಯ್ ಪ್ರಾಣ ಬಿಟ್ಟಾನು, ಸುಳ್ಳಾಡುವುದಿಲ್ಲವಂತೆ. ಕೊನೆಗೆ ದನಿ ಇಳಿಸಿ, ತನ್ನ ಹಳ್ಳಿಗುಗ್ಗು ತಾಯಿ ಕ್ಯಾಸೆಟ್ಟಿಗೆ ನಿಂಬೆರಸ ಕುಡಿಸಿ ಕೊಂದಳು, ಆದ್ದರಿಂದ ಆಟ ತೋರಿಸಲಾರೆ ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು.

“ಮಾ ಅಂದ್ನಲ್ಲ, ನನ್ನ ವಿಷಯಾನೇನೇ? ಯಾಕೆ ಎಲ್ಲರೂ ನಗ್ತಿದಾರೆ?” ಎಂದು ಹಿಂದಿ ಬಾರದ ಅತ್ತೆ ಕೇಳಿದರು. ಎಲ್ಲರೂ ನಗುತ್ತಿದ್ದರೆಂದು ತಾವೂ ಸ್ವಲ್ಪ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ನೆಟ್ಟಗೆ ಹೋಗಿ ಮೇಳ ನಡೆಸುವ ಧವಲ್‌ಭಾಯ್ ಕೈಗೆ ಕ್ಯಾಸೆಟ್ಟು ಕೊಟ್ಟೆ. “ಭಾಯ್, ಯೇ ಚಾಲು ಹೈ. ಲಗಾವ್,” ಇದು ಸರಿಯಾಗೇ ಇದೆ, ಹಾಕಿ ಎಂದೆ.

ದೊಡ್ಡ ಪರದೆಯ ಮೇಲೆ ಕೆಂಪು ಸೇತುವೆ ಬೆಳಗಿತು. “ಸೆನ್ಸೇ! ಸೆನ್ಸೇ!” ಎಂದು ಶಿಳ್ಳೆ ಬಿದ್ದವು. ಕಶ್ಯಪ್ ಮುಖ ಸುಣ್ಣದಂತಾಯಿತು.

“ಆಡಿ ರೀ,” ಎಂದೆ.

ಸಮುರಾಯ್ ಬಿದ್ದ. ಮತ್ತೆ ಬಿದ್ದ. ಶಿಳ್ಳೆ ನಿಂತು ಕಿಸಿಕಿಸಿ ಶುರುವಾಯಿತು. ಆಮೇಲೆ ಒಬ್ಬೊಬ್ಬರೇ ಎದ್ದು ಪಾಪ್‌ಕಾರ್ನ್ ಕಡೆ ಹೋದರು.

ಅತ್ತೆ ನನ್ನ ಕೈ ಹಿಡಿದುಕೊಂಡರು. “ಹಾಗಾದ್ರೆ ಅದು ಹಾಳಾಗಿರ್ಲಿಲ್ವೇ?”

“ಇಲ್ಲ ಅತ್ತೆ.”

“ಅವನಿಗೂ ಗೊತ್ತಿತ್ತೇ?”

ತಲೆಯಾಡಿಸಿದೆ. ಅವರು ಮಗನನ್ನೊಮ್ಮೆ ನೋಡಿ ಎದ್ದರು. “ನಡಿ, ಹಸಿವಾಗ್ತಿದೆ.”

ಕೆಳಗಡೆ ತಿಂಡಿಯಂಗಡಿಯಲ್ಲಿ ಕಡಲೆಹಿಟ್ಟಿನ ಖಮಣ್ ಕೊಡಿಸಿದೆ. ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದರು. ಆಗ ನಿಲುವಂಗಿಯ ಸಮುರಾಯ್, ಕ್ಯಾಸೆಟ್ಟು ಎದೆಗವಚಿಕೊಂಡು, ಮುಖ ಜೋತುಹಾಕಿಕೊಂಡು ಬಂದು, “ಅಮ್ಮಾ...” ಎಂದಿತು.

ಅತ್ತೆ ನಿಧಾನವಾಗಿ ಕೈ ಒರೆಸಿಕೊಂಡರು.

“ಬರೋ ವರ್ಷ ಪೂಜೆಗೆ ಈಳಿಗೆಮಣೆ ಒಂದೇ ಸಾಕು ಕಣೋ. ಅದು ತರಕಾರಿನಾದ್ರೂ ಹೆಚ್ಚತ್ತೆ.”